ಕನ್ನಮ್ಮ ಹೇಳಿದ ಮೂರು ಹೆಸರು

ಹೊಸನಗರದ ಕನ್ನಮ್ಮ ಮೂಳೆ ಕಟ್ಟುವುದರಲ್ಲಿ ಹೆಸರುವಾಸಿ. ದೂರದ ಮೇಗರವಳ್ಳಿಯಿಂದಲೂ ಜನ ಮುರಿದ ಕೈಕಾಲು ಹಿಡಿದುಕೊಂಡು ಅವಳ ಮನೆಗೆ ಬರುತ್ತಿದ್ದರು. ಅಂಥವಳಿಗೆ ಫಿಗರ್ ಸ್ಕೇಟಿಂಗ್ ಹುಚ್ಚು ಹತ್ತಿಸಿದವಳು ಜೊತೆಯಲ್ಲಿದ್ದ ತಮ್ಮನ ಮಗಳು ಮಂಜುಶ್ರೀ. ಮಂಜುಗಡ್ಡೆಯ ಮೇಲೆ ಹುಡುಗಿಯರು ಬುಗುರಿಯಂತೆ ತಿರುಗಿ ಹಾರುವುದನ್ನು ಅವಳು ಮೊಬೈಲಿನಲ್ಲಿ ನೋಡುತ್ತಿದ್ದರೆ, ಕನ್ನಮ್ಮ ಪಕ್ಕದಲ್ಲಿ ಕೂತು ಕಾಲುಗಳನ್ನಷ್ಟೇ ಗಮನಿಸುತ್ತಿದ್ದಳು.

“ಇವಳ ಎಡಮಂಡಿ ಸರಿ ಇಲ್ಲ ಮಾರಾಯ್ತಿ. ಇವತ್ತು ಬೀಳ್ತಾಳೆ.”

ಹಾಗೇ ಆಗುತ್ತಿತ್ತು. ಮಂಜುಶ್ರೀಗೆ ಮೋಜೆನಿಸಿತು. ಪ್ರತಿ ಫೈನಲ್‌ಗೆ ಮೊದಲು ಅತ್ತೆ ಹೇಳಿದ ಮೂರು ಹೆಸರನ್ನು ತನ್ನ ಆನ್‌ಲೈನ್ ಪೇಜಿನಲ್ಲಿ ಹಾಕತೊಡಗಿದಳು. ಸತತ ಮೂರು ಸ್ಪರ್ಧೆಗಳಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರೂ ಸರಿಯಾದವು. ನಾಲ್ಕನೆಯದಕ್ಕೆ ಸಾಗರದಿಂದ ಯೋಗರಾಜ್ ಬಂದ.

ಅವನದು ಬೆಟ್ಟಿಂಗ್ ದಂಧೆ. ಫೈನಲ್ ಇದ್ದದ್ದು ಜಪಾನಿನಲ್ಲಿ, ನಮ್ಮ ಲೆಕ್ಕದಲ್ಲಿ ಮಧ್ಯಾಹ್ನ. ಬೆಳಿಗ್ಗೆಯೇ ಅವನ ಜೀಪು ಬಾಗಿಲಲ್ಲಿ ನಿಂತಿತು.

“ಕನ್ನಮ್ಮೋರೇ, ಈ ಸಲ ಪೇಜಿಗೆ ಹಾಕ್ಬೇಡಿ. ನಂಗೊಬ್ಬನಿಗೇ ಹೇಳಿ.”

“ಯಾರಿಗೆ ಪೆಟ್ಟಾಗಿದೆ ಅಂತ ಕಾಣ್ತದೆ ನಂಗೆ. ಯಾರು ಗೆಲ್ತಾರೆ ಅಂತ ನಂಗೆಂತ ಗೊತ್ತು?”

ಯೋಗರಾಜ್ ನಗುತ್ತಲೇ ಎದ್ದು ಮಂಜುಶ್ರೀಯ ಕೆನ್ನೆಗೆ ಬಾರಿಸಿದ. ಅವಳು ಗೋಡೆಗೆ ಬಡಿದು ಕುಸಿದಳು. ತುಟಿ ಒಡೆದು ರಕ್ತ ಗಲ್ಲದ ಮೇಲೆ ಇಳಿಯಿತು. ಜೀಪಿನ ಡ್ರೈವರ್ ಹೊರಗಿನಿಂದ ಬಾಗಿಲು ಎಳೆದುಕೊಂಡ. ಮೂವತ್ತು ವರ್ಷದಿಂದ ಕನ್ನಮ್ಮ ಊರವರ ನೋವನ್ನೆಲ್ಲ ಮುಟ್ಟಿ ನೋಡಿದ್ದಳು. ಚೆನ್ನಾಗಿದ್ದ ಮೈಗೆ ಕಣ್ಣೆದುರೇ ನೋವು ಮಾಡುವುದನ್ನು ಮಾತ್ರ ನೋಡಿರಲಿಲ್ಲ.

ಅವಳು ಮೊಬೈಲ್ ಹಿಡಿದು, ಎರಡು ದಿನದ ಸ್ಪರ್ಧೆಯ ಮೊದಲ ದಿನದ ಆಟವನ್ನು ಮತ್ತೆ ನೋಡಿದಳು. ಕೊರಿಯಾದ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಆದರೆ ಅವಳ ಬಲಮಂಡಿ ಊದಿಕೊಂಡಿತ್ತು.

“ಇವಳು ಬೀಳ್ತಾಳೆ. ಜಪಾನಿನವಳಿಗೆ ಚಿನ್ನ, ಅಮೆರಿಕದವಳಿಗೆ ಬೆಳ್ಳಿ, ಇಟಲಿಯವಳಿಗೆ ಕಂಚು. ಇನ್ನು ಹೋಗಿ.”

ಯೋಗರಾಜ್ ನಾಲ್ಕಾರು ಕಡೆ ಫೋನ್ ಮಾಡಿದ. ಆದರೆ ಹೋಗಲಿಲ್ಲ. ಮಂಚದ ಮೇಲೆ ಕೂತು, ಮಂಜುಶ್ರೀಯನ್ನು ಕಾಲ ಬಳಿ ಕೂರಿಸಿಕೊಂಡು, ಅವಳ ಮಣಿಕಟ್ಟನ್ನು ಮುಷ್ಟಿಯಲ್ಲಿ ಹಿಡಿದೇ ಆಟ ನೋಡಿದ.

ಮೊದಲ ದಿನ ಮುಂದಿದ್ದವಳಾದ್ದರಿಂದ ಕೊರಿಯಾದವಳ ಸರದಿ ಕೊನೆಗೆ ಬಂತು. ಮೊದಲ ಹಾರಿಕೆಯಲ್ಲೇ ಇಳಿದ ಕಾಲು ಒಳಕ್ಕೆ ವಾಲಿದ್ದು ಕನ್ನಮ್ಮನಿಗೆ ಕಾಣಿಸಿತು. ಬೀಳು, ಬೀಳು ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಹದಿನೆಂಟರ ಮಗುವೊಂದು ಬೀಳಲಿ ಎಂದು ಹರಕೆ ಹೊರುವ ಗತಿ ತನಗೆ ಬಂತಲ್ಲ ಎಂದುಕೊಂಡಳು. ಹುಡುಗಿ ಹಲ್ಲು ಕಚ್ಚಿ ಏಳು ಸಲ ಹಾರಿದಳು, ಏಳು ಸಲವೂ ನಿಂತಳು. ಚಿನ್ನ ಅವಳಿಗೇ ಆಯಿತು.

ಯೋಗರಾಜ್ ಹಿಡಿದಿದ್ದ ಕೈಯನ್ನು ತಿರುಚಿದ. ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ಮುಂಗೈಯ ಎರಡೂ ಮೂಳೆ ಹೋಯಿತೆಂದು ಕನ್ನಮ್ಮನಿಗೆ ಸದ್ದಿನಲ್ಲೇ ಗೊತ್ತಾಯಿತು. ಚೀರುತ್ತಿದ್ದ ಹುಡುಗಿಯ ಪಕ್ಕೆಗೆ ಒದ್ದು, ಅವನು ಇನ್ನೊಂದು ಕೈಗಾಗಿ ಬಗ್ಗಿದ.

ಕನ್ನಮ್ಮ ಹಿಂದಿನಿಂದ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಕಂಕುಳಿಗೆ ಪಾದ ಕೊಟ್ಟು ಎಳೆದು, ಹೊರಳಿಸಿದಳು. ಕೂರಿಸುವುದು ಗೊತ್ತಿದ್ದವಳಿಗೆ ಕೀಳುವುದೂ ಗೊತ್ತಿತ್ತು. ಭುಜದ ಕೀಲು ಲಟ್ಟೆಂದು ಹೊರಬಂತು. ಅವನು ಮಕಾಡೆ ಬಿದ್ದು ಅರಚಿದ. ಕೈ ಇನ್ನೂ ಅವಳ ಹಿಡಿತದಲ್ಲೇ ಇತ್ತು. ಇನ್ನೊಮ್ಮೆ ತಿರುಗಿಸಿದಳು. ಅದು ಬೇಕಿರಲಿಲ್ಲ ಎಂದು ತಿರುಗಿಸುವಾಗಲೇ ಅವಳಿಗೆ ಗೊತ್ತಿತ್ತು.

ಡ್ರೈವರ್ ಇಣುಕಿ ನೋಡಿದವನೇ ಜೀಪು ಹತ್ತಿ ಓಡಿದ. ಪಕ್ಕದ ಮನೆಯ ಯಮುನಮ್ಮ ಅಷ್ಟರಲ್ಲಿ ಪೊಲೀಸರಿಗೆ ಫೋನ್ ಮಾಡಿದ್ದಳು.

ಕನ್ನಮ್ಮ ಬಿದಿರಿನ ದಬ್ಬೆ ಇಟ್ಟು ಮಂಜುಶ್ರೀಯ ಕೈ ಕಟ್ಟಿದಳು. ನೆಲದಲ್ಲಿ ಹೊರಳುತ್ತಿದ್ದ ಯೋಗರಾಜ್, “ಅಮ್ಮಾ, ಇದನ್ನ ಕೂರಿಸಿಕೊಡಿ” ಎಂದು ಅಂಗಲಾಚುತ್ತಲೇ ಇದ್ದ. ಕಡೆಯ ಗಂಟು ಹಾಕಿ ಮುಗಿಸಿ, ಅವಳು ಅವನ ಬಳಿ ಕೂತು ಭುಜವನ್ನು ಜಾಗಕ್ಕೆ ಕೂರಿಸಿದಳು.

ಬಂದ ಪೊಲೀಸ್ ಶ್ಯಾಮಲಾ ಹೇಳಿಕೆ ಬರೆದುಕೊಳ್ಳುತ್ತ ದನಿ ತಗ್ಗಿಸಿದಳು. “ಅವನೇ ಜಾರಿ ಬಿದ್ದು ಭುಜ ತಪ್ತು ಅಂತ ಬರೀತೀನಿ ಅಮ್ಮಾ. ನಿಮಗ್ಯಾಕೆ ತೊಂದ್ರೆ?”

“ಬೇಡ ಮಗಾ. ನಾನೇ ತಪ್ಪಿಸಿದ್ದು. ತಪ್ಪಿಸಿದ ಮೇಲೆ ಇನ್ನೊಂದ್ ಸಲ ತಿರುಗಿಸ್ದೆ. ಅದನ್ನೂ ಬರಿ.”

ಯೋಗರಾಜ್ ಜೈಲಿಗೆ ಹೋದ. ಕನ್ನಮ್ಮನ ಮೇಲೂ ಒಂದು ಕೇಸು ಬಿತ್ತು. ಮಂಜುಶ್ರೀಯ ಕೈ ಕೂಡಿಕೊಂಡಿತು. ಎರಡು ತಿಂಗಳು ಕನ್ನಮ್ಮ ಅವಳದೊಂದು ಬಿಟ್ಟು ಬೇರೆ ಯಾರ ಮೂಳೆಯನ್ನೂ ಮುಟ್ಟಲಿಲ್ಲ. ಬಂದವರನ್ನೆಲ್ಲ ತೀರ್ಥಹಳ್ಳಿಯ ಆಸ್ಪತ್ರೆಗೆ ಹೋಗಿ ಎಂದು ಕಳಿಸಿದಳು.