ನೀರುಗಂಟಿ ತಾತನ ಮಾತು

ಸೆಲ್ವರಾಜನನ್ನು ಕಂಡರೆ ಕೋದಂಡಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಸುತ್ತಿ ಬಳಸಿ ಹೇಳುವುದೇಕೆ, ಹೊಟ್ಟೆಕಿಚ್ಚು, ಅಪ್ಪಟ ಹೊಟ್ಟೆಕಿಚ್ಚು. ಅವನು ನಡೆದರೆ ಉರಿ, ನಕ್ಕರೆ ಉರಿ, ನಾಟಕದ ತಾಲೀಮಿನ ಕೋಣೆಯಲ್ಲಿ ಮೊದಲ ಲೋಟ ಟೀ ಅವನ ಕೈಗೆ ಹೋದರಂತೂ ಇನ್ನೂ ಉರಿ.

ಪಾಪ, ಸೆಲ್ವರಾಜ ಯಾರ ತಂಟೆಗೂ ಹೋಗುವವನಲ್ಲ. ಚಿನ್ನದ ಗಣಿಯ ಊರಾದ ಮೈಸೂರು ಮೈನ್ಸ್ ಕಡೆಯ ವೆಲ್ಡರ್. ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ, ಸಂಜೆ ಬಂಗಾರಪೇಟೆಯಲ್ಲಿ ಇಳಿದು ನೇರ ತಾಲೀಮಿಗೆ ಬರುತ್ತಿದ್ದ. ಮನೆಮಾತು ತಮಿಳು. ಕನ್ನಡ ಚೆನ್ನಾಗಿಯೇ ಆಡುತ್ತಿದ್ದ, ಓದಲು ಬರುತ್ತಿರಲಿಲ್ಲ. ತನ್ನ ಮಾತುಗಳನ್ನೆಲ್ಲ ತಮಿಳಕ್ಷರದಲ್ಲಿ ಗೀಚಿಕೊಂಡು ಬಾಯಿಪಾಠ ಮಾಡುತ್ತಿದ್ದ. ಅಂಥವನಿಗೆ ರಾಜನ ಪಾರ್ಟು! ಇಪ್ಪತ್ತೆರಡು ವರ್ಷ ಸುತ್ತಲಿನ ಊರುಗಳಲ್ಲೆಲ್ಲ ರಾಜನಾಗಿ ಗುಡುಗಿದ ಕೋದಂಡಪ್ಪನಿಗೆ, ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮರೆತವರಿಗೆ ಮಾತು ಕೊಡುವ ಕೆಲಸ!

ಅದೂ ಹೋಗಲಿ ಎನ್ನಬಹುದಿತ್ತು, ಕಥೆ ಅವನ ಮನೆಯದೇ ಆಗಿರದಿದ್ದರೆ.

ಬೇತಮಂಗಲದ ಹತ್ತಿರದ ಹಳ್ಳಿಯಲ್ಲಿ ಕೋದಂಡಪ್ಪನದು ನೀರುಗಂಟಿ ಮನೆತನ. ಊರ ಕೆರೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವವರು. ಅವನ ತಾತ ಒಮ್ಮೆ ಕೆಳಗಿನ ಗದ್ದೆಯವರ ಮೇಲಿನ ಸಿಟ್ಟಿಗೆ, ಜಡಿಮಳೆಯಲ್ಲೂ ತೂಬು ತೆಗೆಯದೆ ಅದರ ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡು ಕೂತಿದ್ದ. ಏರಿ ಒಡೆಯಿತು. ಕೊಚ್ಚಿಹೋದದ್ದು ಅವನದೇ ಮಗಳು. ಆಮೇಲೆ ತಾತ ಮಾತಾಡಿದ್ದೇ ಕಡಿಮೆ. ಸಾಯುವ ಮುಂಚೆ ಮೊಮ್ಮಗನ ಕೈ ಹಿಡಿದು ಒಂದು ಮಾತು ಹೇಳಿದ್ದ: "ನೀರೆಲ್ಲಾ ನಂದೇ ಅಂದ್ಕೊಂಡಿದ್ದೆ ಕಣ್ಲಾ. ನಂದಾಗಿದ್ದಿದ್ದು ಬೀಗದ್ ಕೈ ಒಂದೇ."

ಆ ಮಾತನ್ನು ನಾಲ್ಕು ಜನರ ಮುಂದೆ ಆಡಬೇಕು ಎನ್ನುವುದು ಕೋದಂಡಪ್ಪನ ಜೀವಮಾನದ ಆಸೆ. ಅದಕ್ಕೇ ಕಥೆಯನ್ನು ವೆಂಕಟಸ್ವಾಮಿ ಮೇಷ್ಟ್ರಿಗೆ ಹೇಳಿದ್ದ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಷ್ಟ್ರು ನೀರುಗಂಟಿಯನ್ನು ರಾಜನನ್ನಾಗಿ ಮಾಡಿ ನಾಟಕ ಬರೆದರು. ತಾತನ ಮಾತನ್ನು ಮಾತ್ರ ಇದ್ದ ಹಾಗೆಯೇ ಕೊನೆಯ ದೃಶ್ಯದಲ್ಲಿ ಇಟ್ಟರು.

ಪಾರ್ಟು ಹಂಚುವ ದಿನ ಮೇಷ್ಟ್ರು ಎಲ್ಲರನ್ನೂ ಕೂರಿಸಿಕೊಂಡು, "ಗ್ರೀಕರ ದುರಂತ ನಾಯಕ ಕೆಟ್ಟವನಲ್ಲಪ್ಪ, ದೊಡ್ಡ ಮನುಷ್ಯನೇ," ಎಂದರು. "ಒಂದು ಕಡೆ ಎಡವುತ್ತಾನೆ. ತಪ್ಪು ತನ್ನದೇ ಅಂತ ತಿಳಿಯುವಷ್ಟರಲ್ಲಿ ಕಾಲ ಮಿಂಚಿರುತ್ತೆ. ಆಮೇಲಾಮೇಲೆ ಬರೆದವರು ರಾಜನೇ ಬೇಕು ಅನ್ನಲಿಲ್ಲ. ಗುಮಾಸ್ತನೂ ಆದ, ಕೂಲಿಯವನೂ ಆದ."

"ಅಂಗಾದ್ರೆ ಅದು ನಾನೇ ಅಲ್ವಾ ಮೇಷ್ಟ್ರೇ!" ಎಂದು ಕೋದಂಡಪ್ಪ ಎದೆ ತಟ್ಟಿಕೊಂಡ.

"ನೀನು ಕೂಗ್ತೀಯ ಕಣಯ್ಯಾ. ಈ ರಾಜ ತನಗೆ ತಾನೇ ಹೇಳ್ಕೊಳ್ಳೋ ಹಾಗೆ ಹೇಳಬೇಕು."

ಮೇಷ್ಟ್ರು ತಾತನ ಮಾತನ್ನು ಹತ್ತು ಸಲ ಹೇಳಿಸಿ ನೋಡಿದರು. ಹತ್ತು ಸಲವೂ ಕೋದಂಡಪ್ಪ ಗೋಡೆ ಅದುರುವಂತೆ ಗುಡುಗಿದ. ಪಾರ್ಟು ಸೆಲ್ವರಾಜನ ಪಾಲಾಯಿತು.

ಮೂರು ತಿಂಗಳ ತಾಲೀಮಿನಲ್ಲಿ ಸೆಲ್ವರಾಜ ತಡವರಿಸುತ್ತಿದ್ದದ್ದು ಒಂದೇ ಜಾಗದಲ್ಲಿ. ಮಗಳ ಹೆಣದ ಮುಂದೆ ಮಂಡಿಯೂರಿದೊಡನೆ ಅವನಿಗೆ ಅಳು ಒತ್ತರಿಸಿ ಬರುತ್ತಿತ್ತು, ಮಾತು ಮರೆಯುತ್ತಿತ್ತು. ಕೋದಂಡಪ್ಪ ಪರದೆಯ ಹಿಂದಿನಿಂದ "ನೀರೆಲ್ಲಾ..." ಎಂದರೆ ಸಾಕು, ಮಿಕ್ಕದ್ದು ತಾನಾಗಿ ಬರುತ್ತಿತ್ತು. ಕೋದಂಡಪ್ಪನ ಹೆಂಡತಿ ಕನಕಮ್ಮ ಒಮ್ಮೆ ತಾಲೀಮು ನೋಡಿ, "ಆವಪ್ಪ ಅದೆಷ್ಟು ಚೆಂದಾಗಿ ಅಳ್ತಾನೆ!" ಎಂದುಬಿಟ್ಟಳು. ಕಟ್ಟಿಕೊಂಡವಳ ಬಾಯಲ್ಲೂ ಅವನದೇ ಜಪ! ಆವತ್ತು ಕೋದಂಡಪ್ಪ ಮುದ್ದೆ ಮುಟ್ಟಲಿಲ್ಲ.

ಭಾನುವಾರ ಮಧ್ಯಾಹ್ನ ಬಂಗಾರಪೇಟೆಯ ಕಲ್ಯಾಣ ಮಂಟಪದಲ್ಲಿ ಮೊದಲ ಆಟ. ಜನ ಕಿಕ್ಕಿರಿದಿದ್ದರು. ಕನಕಮ್ಮ ಮನೆಯಲ್ಲಿರುವ ತಾತನ ಫೋಟೋಗೆ ಹಾಕಲು ಸೇವಂತಿಗೆ ಹಾರ ಕೊಂಡು, ಮಡಿಲಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು.

ಕೊನೆಯ ದೃಶ್ಯ. ಸೆಲ್ವರಾಜ ಮಂಡಿಯೂರಿದ. "ಮಗಳೇ," ಎಂದ. ನಿಂತುಬಿಟ್ಟ. ಕಣ್ಣು ಮೆಲ್ಲಗೆ ಪರದೆಯ ಕಡೆ ಹೊರಳಿತು.

ಕೋದಂಡಪ್ಪನ ನಾಲಿಗೆಯ ಮೇಲೆಯೇ ಇತ್ತು ಆ ಮಾತು. ಪುಸ್ತಕ ಬೇಕಾಗಿಯೇ ಇರಲಿಲ್ಲ. ಕೊಡಲಾ? ಯಾಕೆ ಕೊಡಲಿ? ನಮ್ಮ ತಾತನ ಮಾತು, ಇವನ್ಯಾರು ಆಡಲಿಕ್ಕೆ? ಒದ್ದಾಡಲಿ ಬಡ್ಡೀಮಗ, ಜನ ಸಿಳ್ಳೆ ಹೊಡೆಯಲಿ, ನಾಳೆ ಮೇಷ್ಟ್ರೇ ಬಂದು ನನ್ನ ಕಾಲು ಹಿಡಿಯಲಿ. ಕೋದಂಡಪ್ಪ ಪುಸ್ತಕ ಮುಚ್ಚಿ ಹಲ್ಲು ಕಚ್ಚಿ ನಿಂತ.

ಯಾರೂ ಸಿಳ್ಳೆ ಹೊಡೆಯಲಿಲ್ಲ. ದಿಕ್ಕು ತೋಚದ ಸೆಲ್ವರಾಜ ಸೊಂಟದಲ್ಲಿದ್ದ ತೂಬಿನ ಬೀಗದ ಕೈಯನ್ನು ಬಿಚ್ಚಿದ. ಅದನ್ನೇ ಒಂದು ಗಳಿಗೆ ನೋಡಿದ. ಮಗಳ ಮುಚ್ಚಿದ ಅಂಗೈಯನ್ನು ಬಿಡಿಸಿ ಅದರಲ್ಲಿಟ್ಟು, ಪುನಃ ಮುಚ್ಚಿದ. ಮಂಟಪದಲ್ಲಿ ಯಾರೋ ಬಿಕ್ಕಿದರು. ಪರದೆ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಹೊಡೆದೇ ಹೊಡೆದರು.

ಮೇಷ್ಟ್ರು ಓಡಿಬಂದು ಸೆಲ್ವರಾಜನನ್ನು ತಬ್ಬಿಕೊಂಡರು. "ಅಯ್ಯೋ, ನೂರು ಪುಟ ಬರೆದಿದ್ರೂ ಇದು ನನಗೆ ಸಿಕ್ತಿರಲಿಲ್ಲ ಕಣೋ!"

ಸೆಲ್ವರಾಜ ನೇರ ಬಂದು ಕೋದಂಡಪ್ಪನ ಕಾಲಿಗೆ ಬಿದ್ದ. "ನಂಗೇ ತೋಚ್ಲಿ ಅಂತ ನೀನು ಬೇಕಂತ್ಲೇ ಮಾತು ಕೊಡ್ಲಿಲ್ಲ. ಅಲ್ವಾಣ್ಣಾ?"

ಎಲ್ಲರೂ ಕೋದಂಡಪ್ಪನ ಕಡೆ ತಿರುಗಿದರು. "ಆಹಾ, ಅನುಭವ ಅಂದ್ರೆ ಇದು!" ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು. ಈ ಮೂರು ತಿಂಗಳಲ್ಲಿ ಅವನಿಗೆ ಸಿಕ್ಕ ಮೊದಲ ಮರ್ಯಾದೆ ಅದು.

"ಊಂ," ಎಂದ ಕೋದಂಡಪ್ಪ.

ಮೇಷ್ಟ್ರು ಅವನ ಕೈಯಿಂದ ಪುಸ್ತಕ ತೆಗೆದುಕೊಂಡು, ಜೇಬಿನಿಂದ ಕೆಂಪು ಪೆನ್ನು ತೆಗೆದರು. "ಹಾಗಿದ್ರೆ ಇನ್ನು ಈ ಮಾತು ಬೇಡ. ಮುಂದಿನ ಎಲ್ಲಾ ಆಟದಲ್ಲೂ ಹೀಗೇ ಇರಲಿ."

"ಮೇಷ್ಟ್ರೇ, ಆ ಮಾತು..."

"ನೀನೇ ತೋರಿಸಿಕೊಟ್ಟೆಯಲ್ಲಯ್ಯಾ, ಅದು ಬೇಕಿಲ್ಲ ಅಂತ!"

ಬೇಕು ಎನ್ನಬೇಕಾದರೆ, ಪರದೆಯ ಹಿಂದೆ ತಾನು ಮಾಡಿದ್ದನ್ನು ಬಾಯಿ ಬಿಟ್ಟು ಹೇಳಬೇಕು. ಸೆಲ್ವರಾಜ ಇನ್ನೂ ಕೈಮುಗಿದುಕೊಂಡೇ ನಿಂತಿದ್ದ. ಕೆಂಪು ಗೆರೆ ತಾತನ ಮಾತಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು.

ಸಂಜೆ ಬೇತಮಂಗಲದ ಬಸ್ಸಿನಲ್ಲಿ ಕನಕಮ್ಮ ಹಾರದ ಪೊಟ್ಟಣವನ್ನು ಬಿಚ್ಚುತ್ತ, ಕಟ್ಟುತ್ತ ಕೂತಿದ್ದಳು.

"ತಾತನ ಮಾತು ಈಗ ಬತ್ತದೆ, ಆಗ ಬತ್ತದೆ ಅಂತ ಕಾಯ್ತಾನೇ ಇದ್ದೆ. ಬರ್ಲೇ ಇಲ್ವಲ್ಲಯ್ಯಾ?"

"ಅದನ್ನ ತೆಗೆದಾಕವ್ರೆ."

"ಯಾರಯ್ಯಾ ತೆಗೆದಾಕಿದ್ದು?" ಎಂದು ಅವಳು ಸಿಡುಕಿದಳು.

ಕೋದಂಡಪ್ಪ ಅವಳ ಮಡಿಲಲ್ಲಿದ್ದ ಹಾರವನ್ನು ನೋಡಿದ.

"ನಾನೇ," ಎಂದ. ಈ ಸಲ ಅವನು ಕೂಗಲಿಲ್ಲ. ಮೇಷ್ಟ್ರು ಹತ್ತು ಸಲ ಕೇಳಿದರೂ ಬಾರದಿದ್ದ ದನಿ ಅದು, ಪಕ್ಕದಲ್ಲಿದ್ದ ಕನಕಮ್ಮನಿಗೇ ಸರಿಯಾಗಿ ಕೇಳಿಸಲಿಲ್ಲ.