ಪಂಪಣ್ಣನ ಸಮುದ್ರ

ಐಸ್ ಪೆಟ್ಟಿಗೆಯವನು ಮೀನಿನ ತೊಟ್ಟಿಯ ಪ್ಲಗ್ ಕಿತ್ತು ತನ್ನದನ್ನು ಚುಚ್ಚಿದ. ಹೆಣದ ಪೆಟ್ಟಿಗೆ ಗುಂಯ್ ಎಂದಿತು, ತೊಟ್ಟಿಯಲ್ಲಿ ಗುಳ್ಳೆ ಏಳುವುದು ನಿಂತಿತು. ಗಂಡ ಪಂಪಣ್ಣನ ತಲೆಯ ಬಳಿ ಕುಳಿತಿದ್ದ ಹುಸೇನಮ್ಮ ಎದ್ದೇಬಿಟ್ಟಳು.

“ಅದನ್ನ ಕೀಳಬ್ಯಾಡಪ್ಪ, ಮೀನ ಸಾಯ್ತೈತಿ.”

“ಇರೋದು ಒಂದಾ ಪಾಯಿಂಟ್ ಅಮ್ಮಾ. ಎರಡೂ ಹಚ್ಚಿದ್ರ ವೈರ್ ಸುಡತೈತಿ.”

ಪಂಪಣ್ಣನ ಅಣ್ಣ ಜಡೆಪ್ಪ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದ. “ಲಾರಿ ಸಂಘದ ಅಧ್ಯಕ್ಷರು ಹಾರ ಹಾಕಾಕ ಬರ್ತಾರ. ಅಲ್ಲಿತನ ಹೆಣ ಕೆಡಬಾರದು. ಮೀನಂತ ಮೀನು! ಸುಮ್ನ ಕುಂದ್ರು.”

ಮಧ್ಯಾಹ್ನಕ್ಕೇ ಹೆಣ ಎತ್ತುವುದೆಂದು ಮಾತಾಗಿತ್ತು. ಮಧ್ಯಾಹ್ನ ದಾಟಿತು, ಅಧ್ಯಕ್ಷರು ಇನ್ನೂ ಸಂಡೂರಿನಲ್ಲೇ ಇದ್ದರು. ವಾರ್ಡಿನ ಚುನಾವಣೆಗೆ ನಿಲ್ಲಬೇಕೆಂದಿದ್ದ ಜಡೆಪ್ಪನಿಗೆ ಅವರ ಪಕ್ಕದಲ್ಲೊಂದು ಫೋಟೊ ಬೇಕಿತ್ತು. ಅದು ಓಣಿಗೆಲ್ಲ ಗೊತ್ತಿದ್ದ ಸಂಗತಿ.

*

ಅದಿರು ಲಾರಿ ಓಡಿಸುತ್ತಿದ್ದ ಪಂಪಣ್ಣ ಸಮುದ್ರ ನೋಡಿದ್ದು ಬಂದರಿನಲ್ಲಿ, ಲೋಡು ಇಳಿಸಲು ಸರದಿ ಕಾಯುತ್ತ. ಗಣಿ ನಿಂತಾಗ ಇದೇ ಅಧ್ಯಕ್ಷರ ಮನೆಗೆ ಕೆಲಸ ಕೇಳಿಕೊಂಡು ಹೋಗಿದ್ದ. ಚಪ್ಪಲಿ ಬಿಡುವ ಜಾಗದಲ್ಲೇ ಕಾಯಿಸಿ, ಸಂಜೆಗೆ ಇಲ್ಲವೆಂದು ಕಳಿಸಿದ್ದರು. ಆಮೇಲೆ ಹೊಸಪೇಟೆಯಲ್ಲಿ ಆಟೊ ಓಡಿಸತೊಡಗಿದ. ಉಪ್ಪುನೀರಿನ ಮೀನಿನ ಹುಚ್ಚು ಹತ್ತಿದ್ದೂ ಆಗಲೇ. ಕಪ್ಪು ಮೈತುಂಬ ಬಿಳಿ ಚುಕ್ಕೆಯ ಈ ಮೀನಿಗೆ ಜೆಮ್ ಟ್ಯಾಂಗ್ ಎನ್ನುತ್ತಾರೆ. ಮಾರಿಷಸ್ ಕಡೆಯದು, ಸಿಗುವುದೇ ಅಪರೂಪ. ತೊಟ್ಟಿ ಮುಚ್ಚುತ್ತಿದ್ದ ಚೆನ್ನೈನವರೊಬ್ಬರು ಇವನ ಆಸೆ ನೋಡಿ ಸುಮ್ಮನೆ ಕೊಟ್ಟಿದ್ದರು. ರೈಲಿನಲ್ಲಿ ನೀರಿನ ಚೀಲವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ.

“ಡ್ಯಾಮಿನ ನೀರು ಇದಕ್ಕ ಆಗಂಗಿಲ್ಲೇನು?” ಎಂದಿದ್ದಳು ಹುಸೇನಮ್ಮ.

“ಆಗಂಗಿಲ್ಲ ಹುಸೇನಿ. ಇದರ ಸಮುದ್ರನಾ ಇಲ್ಲಿಗೆ ತರಬೇಕು,” ಎನ್ನುತ್ತ ಪಂಪಣ್ಣ ಬಕೆಟಿನಲ್ಲಿ ಉಪ್ಪು ಕಲಸಿದ್ದ. ಕರೆಂಟು ಹೋದಾಗಲೆಲ್ಲ ಗಂಡ ಹೆಂಡತಿ ಸರದಿಯ ಮೇಲೆ ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತಿ ಎತ್ತಿ ಹೊಯ್ಯುತ್ತಿದ್ದರು, ಮೀನಿಗೆ ಉಸಿರು ಸಿಗಲೆಂದು.

*

ಇವತ್ತೂ ಹುಸೇನಮ್ಮ ಚೊಂಬು ಹಿಡಿದಳು. ಜಡೆಪ್ಪ ಕಸಿದುಕೊಂಡ. “ಗಂಡನ ಹೆಣ ಇಟ್ಕೊಂಡು ಮೀನಿನ ಚಾಕರಿ ಮಾಡ್ತಿಯೇನು? ಮಂದಿ ಏನಂತಾರ?”

ಮೀನು ಮೇಲಕ್ಕೆ ಬಂದು ಬಾಯಿ ಬಿಡತೊಡಗಿತ್ತು. ಜಡೆಪ್ಪನ ಫೋನು ಮತ್ತೆ ಬಡಿದುಕೊಂಡಿತು.

“ಮರಿಯಮ್ಮನಹಳ್ಳ್ಯಾಗ ಒಂದು ಮದುವಿ ಐತಂತ. ಊಟ ಮುಗಿಸ್ಕೊಂಡು ಬರ್ತಾರಂತ,” ಎಂದ ಹೆಮ್ಮೆಯಿಂದ.

ಹುಸೇನಮ್ಮ ಎದ್ದವಳೇ ಹೆಣದ ಪೆಟ್ಟಿಗೆಯ ಪ್ಲಗ್ ಕಿತ್ತಳು.

“ಏ, ಹುಚ್ಚು ಹಿಡಿದೈತೇನು ನಿನಗ? ಹೆಣ ಕೆಡತೈತಿ!”

“ಕೆಡತೈತಲ್ಲ? ಹಂಗಾರ ಎತ್ರಿ ಬಾವಾ. ಬದುಕಿದ್ದಾಗ ಇವರನ್ನ ಚಪ್ಪಲಿ ಹತ್ರ ಕಾಯಿಸಿದಾತನ ಸಲುವಾಗಿ, ಸತ್ತ ಮ್ಯಾಲೂ ಇವರು ಕಾಯಬೇಕೇನು? ನಿಮ್ಮ ಫೋಟೊ ಸಲುವಾಗಿ ನನ್ನ ಗಂಡನ್ನ ಐಸಿನಾಗ ಇಡಬ್ಯಾಡ್ರಿ!”

ಚಟ್ಟ ಕಟ್ಟಿ ಬೆಳಗಿನಿಂದ ಕಾದು ಕುಳಿತಿದ್ದ ಆಟೊ ಸ್ಟ್ಯಾಂಡಿನ ಹುಲಿಗೇಶ್ ಎದ್ದು ಬಂದು ಪೆಟ್ಟಿಗೆಯ ಗಾಜು ಎತ್ತಿದ. ಹಿಂದೆಯೇ ಉಳಿದ ಆಟೊದವರೂ ಬಂದರು.

ಹುಸೇನಮ್ಮ ತೊಟ್ಟಿಯ ಪ್ಲಗ್ ಚುಚ್ಚಿದಳು. ಗುಳ್ಳೆಗಳು ಎದ್ದವು. ಹೊರಗೆ ಚಟ್ಟ ಹೆಗಲಿಗೇರಿತು. ಜಡೆಪ್ಪ ಚೊಂಬು ಹಿಡಿದೇ ನಿಂತಿದ್ದ. ಸ್ವಲ್ಪ ಹೊತ್ತಿಗೆ ಮೀನು ನಿಧಾನ ಕೆಳಗಿಳಿದು, ಪಂಪಣ್ಣ ದಿನಾ ನಿಂತು ಮೇವು ಹಾಕುತ್ತಿದ್ದ ಮಗ್ಗುಲಿನ ಗಾಜಿಗೆ ಬಂದು, ಅಲ್ಲೇ ಕಾಯುತ್ತ ನಿಂತಿತು.