ಎರಡನೆಯ ಕಣ್ಣು, ನಾಲ್ಕನೆಯ ಕಣ್ಣು

ಫಿರಂಗಿಯ ಆ ಹೊಸ ಗುಂಡಿನ ಸೊಂಟದ ಸುತ್ತ ನಾಲ್ಕು ಗಾಜಿನ ಕಣ್ಣುಗಳು. ಹಾರುವಾಗ ಬೆಳಕು ಯಾವ ಕಡೆ, ಕತ್ತಲು ಯಾವ ಕಡೆ ಎಂದು ಅವು ಹೇಳಬೇಕು. ಆಗ ಆಕಾಶವೆತ್ತ, ನೆಲವೆತ್ತ ಎಂದು ತಿಳಿದು ಬಾಲದ ರೆಕ್ಕೆಗಳು ಗುಂಡನ್ನು ಉರುಳದಂತೆ ಹಿಡಿಯುತ್ತವೆ. ಆ ಕಣ್ಣು ಕೂರಿಸುವುದು ಅಕ್ಕನ ಕೆಲಸ. ಅವಳ ಸ್ವಂತ ತಮ್ಮನೂ ಅಲ್ಲೇ, ಗುಂಡು ಹಾರುವುದನ್ನು ಸೆರೆಹಿಡಿಯುವ ಕ್ಯಾಮೆರಾ ಕೆಲಸಕ್ಕಿದ್ದ. ಅವನು ಕರೆದದ್ದು ಕೇಳಿ ಕೇಳಿ ಎಲ್ಲರಿಗೂ ಅವಳು ಅಕ್ಕನಾಗಿದ್ದಳು.

ಪರೀಕ್ಷೆಯ ದಿನ ತಮ್ಮ ಬಯಲಿನ ಎಡಗಡೆ, ಮರಳುಮೂಟೆಗಳ ಮರೆಯಲ್ಲಿ ಕೂತಿದ್ದ. ಅಕ್ಕ ಕಂಟ್ರೋಲ್ ರೂಮಿನಲ್ಲಿ, ಪರೀಕ್ಷೆ ನಡೆಸುವ ಸಾಹೇಬರ ಪಕ್ಕ. ಆ ವಾರ ಎರಡು ಸಲ ಪರೀಕ್ಷೆ ನಿಂತು ಸಾಹೇಬರಿಗೆ ಮೂಗಿನ ತುದಿಯಲ್ಲೇ ಕೋಪ.

"ಇನ್ನೊಂದ್ಸಲ ನಿಂತ್ರೆ, ನಿಲ್ಸಿದೋರು ಮನೆಗೆ" ಎಂದಿದ್ದರು.

ಗುಂಡು ತುಂಬುವ ಮುಂಚೆ ಫಿರಂಗಿಯವನು ಫೋನಿನಲ್ಲಿ ಹೇಳಿದ: "ಮೂತಿ ಕಡೆ ನಿಂತಿದೀನಿ ಅಕ್ಕಾ. ಒಂದೊಂದೇ ಕಣ್ಣು ಮುಚ್ತೀನಿ, ನೋಡ್ಕೊಳ್ಳಿ." ಒಂದೊಂದಾಗಿ ನಾಲ್ಕೂ ಪರದೆಯಲ್ಲಿ ಕಪ್ಪಾದವು. ಕಣ್ಣು ಕೆಲಸ ಮಾಡುತ್ತಿದೆಯೇ ಎಂದಷ್ಟೇ ಹೇಳುವ ಪರೀಕ್ಷೆ ಅದು, ಯಾವ ಕಣ್ಣು ಯಾವ ಕಡೆ ಎಂದಲ್ಲ. ಗುಂಡು ತುಂಬಿದರು, ಎಣಿಕೆ ಶುರುವಾಯಿತು.

ಹತ್ತು. ಒಂಬತ್ತು.

ಮೂತಿ ಕಡೆ... ಆ ಮಾತು ಅವಳ ಕಿವಿಯಿಂದ ಕದಲಲಿಲ್ಲ. ನಾಲ್ಕು ವರ್ಷ ಕಣ್ಣು ಕೂರಿಸಲು ಅವಳು ಕೂತದ್ದು ಗುಂಡಿನ ಬಾಲದ ಕಡೆ. ನಿನ್ನೆ ಗೋಡೆಗೆ ಬಣ್ಣ ಬಳಿಯುವವರು ಮೇಜು ತಿರುಗಿಸಿಟ್ಟಿದ್ದರು. ಅವಳು ಮೂತಿಯ ಕಡೆ ಕೂತಿದ್ದಳು. ಕೈ ಮಾತ್ರ ತನ್ನ ಹಳೇ ರೂಢಿಯಂತೆ ಬಲಗಡೆಯ ಕಣ್ಣಿಗೆ ಎರಡನೆಯ ತಂತಿ, ಎಡಗಡೆಯದಕ್ಕೆ ನಾಲ್ಕನೆಯದು ಹಾಕಿತ್ತು.

ಏಳು. ಆರು.

ಎಡಬಲ ಅದಲುಬದಲು! ಎಡಕ್ಕೆ ಉರುಳಿದ ಗುಂಡು ಬಲಕ್ಕೆ ಉರುಳಿದೆನೆಂದು ತಿಳಿದು ಇನ್ನಷ್ಟು ಎಡಕ್ಕೇ ಹೊರಳುತ್ತದೆ. ಆಮೇಲೆ ಅದು ಹೋದದ್ದೇ ದಾರಿ. ಎಡಗಡೆ ತಮ್ಮನಿದ್ದಾನೆ. ನಿಜವಾಗಿ ತಪ್ಪಿದೆಯೋ, ಬರೀ ಭ್ರಮೆಯೋ? ಕೆಲಸ ಹೋದರೆ ಇನ್ನೊಂದು ಸಿಕ್ಕೀತು.

ಮೂರು.

ಎಣಿಕೆ ನಿಲ್ಲಿಸುವ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು.

ಸಾಹೇಬರು ಅವಳತ್ತ ತಿರುಗಿಯೂ ನೋಡದೆ ಫೋನೆತ್ತಿದರು. ಗುಂಡು ಹೊರತೆಗೆಸಿ, ಕಂಟ್ರೋಲ್ ರೂಮಿಗೆ ತರಿಸಿ ತಾವೇ ಬಿಚ್ಚಿದರು. ಅವರ ಬೆರಳು ಎರಡನೆಯ ತಂತಿ ಹಿಡಿದು ಹೋಗಿ, ನಾಲ್ಕನೆಯ ಕಣ್ಣಿನ ಬುಡದಲ್ಲಿ ನಿಂತಿತು. ಅದಲುಬದಲಾಗಿದ್ದದ್ದು ನಿಜ.

ಅಷ್ಟರಲ್ಲಿ ತಮ್ಮ ಧೂಳು ಮೆತ್ತಿಕೊಂಡು ಒಳಗೆ ನುಗ್ಗಿದ.

"ಯಾವ ಪುಣ್ಯಾತ್ಮ ನಿಲ್ಸಿದ್ದು?"

"ನಾನೇ ಕಣೋ."

"ನಿಂಗೇನು ತಲೆ ಕೆಟ್ಟಿದ್ಯಾ ಅಕ್ಕಾ? ಬೆಳಗ್ಗಿಂದ ಬಿಸ್ಲಲ್ಲಿ ಬೆಂದಿದೀನಿ! ಎಂಥಾ ಬೆಳಕಿತ್ತು, ಎಲ್ಲಾ ಹಾಳ್ಮಾಡ್ದೆ..."

ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಅಕ್ಕ ಕೈಯೆತ್ತಿ ತಡೆದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಬೈಲಿ ಬಿಡಿ ಸಾರ್" ಎಂದಳು. "ಇನ್ನೂ ಸ್ವಲ್ಪ ಬೈಲಿ."